ನೀರುಗಂಟಿ ನೆನಪಿಟ್ಟುಕೊಂಡಿದ್ದ ಆರು ವರ್ಷ

ಊರಿಗೆಲ್ಲ ಅವಳು ಸೊಳ್ಳೆ ಮೇಡಂ. ಆರೋಗ್ಯ ಇಲಾಖೆಯ ಕೆಲಸದಲ್ಲಿ ಇಪ್ಪತ್ತೆಂಟು ವರ್ಷ ಮನೆಮನೆ ಹೊಕ್ಕು ತೊಟ್ಟಿ, ಡ್ರಮ್ಮು ಬಗ್ಗಿ ನೋಡಿದವಳು. ಹೊಸದಾಗಿ ಬಂದ ಡಾಕ್ಟರು, "ಮೇಡಂ, ನಮ್ಮೂರೂ ಸೇರಿ ಸುತ್ತಲಿನ ಮೂರು ಊರುಗಳ ಡೆಂಗಿ ಜ್ವರ ವರ್ಷವರ್ಷ ಎಷ್ಟಿತ್ತು, ಒಂದೇ ಹಾಳೆ ಮೇಲೆ ಬೇಕು" ಎಂದದ್ದೇ ತಡ, ಹಳೇ ರಿಜಿಸ್ಟರುಗಳನ್ನು ಮನೆಗೇ ಹೊತ್ತು ತಂದು ಊಟದ ಮೇಜಿನ ತುಂಬ ಹರಡಿಕೊಂಡು ಕೂತಳು.

ಊರಿಗೊಂದರಂತೆ ಮೂರು ಬಣ್ಣದ ಮೂರು ಗೆರೆ ಎಳೆದಳು. ನೆರೆಯ ಎರಡು ಊರಿನ ಗೆರೆಗಳು ಸಣ್ಣಪುಟ್ಟ ಏರಿಳಿತದಲ್ಲೇ ಸಾಗಿದ್ದವು. ತನ್ನ ಊರಿನದು ಮಾತ್ರ ನಡುವೆ ಆರು ವರ್ಷ ಗುಡ್ಡದ ಹಾಗೆ ಎದ್ದು, ಆಮೇಲೆ ಧೊಪ್ಪನೆ ಇಳಿದಿತ್ತು. ಮಳೆಯೇ ಕಾರಣವೆನ್ನೋಣವೆಂದರೆ ಮೂರೂ ಊರಿಗೆ ಒಂದೇ ಮಳೆ, ಒಂದೇ ಬಿಸಿಲು. ಸೊಳ್ಳೆಗೆ ಹೊಗೆ ಹೊಡೆದದ್ದೂ ಎಲ್ಲ ಕಡೆ ಅಷ್ಟಷ್ಟೇ. ತಲೆ ಕೆಟ್ಟು ಹೋಯಿತು.

ಗಂಡ ಪುರಸಭೆಯ ನೀರುಗಂಟಿ. ಬೀದಿಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವವನು. ಕೆಲಸ ಮುಗಿಸಿ ಬಂದವನು ಹೆಗಲ ಮೇಲಿಂದ ಇಣುಕಿದ.

"ಇದೇನೇ, ಒಂಟೆ ಚಿತ್ರ ಬರೀತಿದೀಯಾ?"

"ತಮಾಷೆ ಸಾಕು ರೀ. ಈ ಆರು ವರ್ಷ ಊರಲ್ಲಿ ಏನಾಗಿತ್ತು, ಹೇಳಿ ನೋಡೋಣ."

ಅವನು ಇಸವಿ ಓದಿದ. "ಅಯ್ಯೋ, ಅದನ್ನ ಮರೆಯೋದುಂಟಾ? ದೊಡ್ಡ ಪೈಪ್ ಕೆಟ್ಟು ವಾರಕ್ಕೊಂದ್ಸಲ ನೀರು ಬಿಡ್ತಿದ್ದ ಕಾಲ. ಬೀದಿಗೆ ಕಾಲಿಟ್ರೆ ಜನ ಬಕೆಟ್ ಎತ್ಕೊಂಡು ಹೊಡೆಯೋಕೇ ಬರ್ತಿದ್ರು. ಹೊಸ ಪೈಪ್ ಬಂದು ದಿನಾ ನೀರು ಬಿಟ್ಟ ಮೇಲೇ ನಾನು ಬದುಕ್ಕೊಂಡಿದ್ದು."

ಅವಳು ಎದ್ದೇ ನಿಂತಳು. ವಾರದ ನೀರು! ಮನೆಮನೆಯಲ್ಲೂ ವಾರಪೂರ್ತಿ ಡ್ರಮ್ಮು ತುಂಬಿಟ್ಟುಕೊಂಡಿರುತ್ತಿದ್ದರು. ಆ ನಿಂತ ನೀರಲ್ಲಿ ಮೊಟ್ಟೆಯೊಡೆದು ಸೊಳ್ಳೆ ಹಾರುವುದಕ್ಕೆ ಹೆಚ್ಚುಕಮ್ಮಿ ಅಷ್ಟೇ ದಿನ ಸಾಕು.

"ರೀ, ಊರಿಗೆಲ್ಲ ಸೊಳ್ಳೆ ಸಾಕಿದ್ದು ನೀವೇ!"

"ಓಡಿಸಿದ್ದೂ ನಾನೇ ಅಂತ ಬರ್ಕೋ ಮತ್ತೆ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾರನೆಯ ದಿನ ಡಾಕ್ಟರು ಹಾಳೆ ನೋಡಿ ನೀರುಗಂಟಿಯನ್ನೇ ಕರೆಸಿದರು. ಊರಂಚಿನ ಹೊಸ ಬಡಾವಣೆಯಲ್ಲಿ ಎರಡು ವರ್ಷದಿಂದ ಜ್ವರ ಏರುತ್ತಿತ್ತು.

"ಅಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ?"

"ಎಂಟು ದಿನ ಆಗುತ್ತೆ ಸಾರ್. ಮೇಲಿನ ಟ್ಯಾಂಕಿನಿಂದ ಬೇರೆ ಲೈನ್ ಎಳೆಸಿಕೊಟ್ರೆ ದಿನಾ ಬಿಡ್ತೀನಿ."

ಡಾಕ್ಟರು ಪುರಸಭೆಗೆ ಅಲೆದಲೆದು ಲೈನ್ ಎಳೆಸಿಯೇ ಬಿಟ್ಟರು. ಮುಂದಿನ ಮಳೆಗಾಲ ಮುಗಿದಾಗ ಆ ಬಡಾವಣೆಯಲ್ಲಿ ಡೆಂಗಿ ಬಂದವರು ಮೂರೇ ಜನ. ಮೂವರೂ ಗುಣವಾಗಿ ಓಡಾಡುತ್ತಿದ್ದರು.

ಇದನ್ನು ವಿವರಿಸಲು ಗಂಡ ಹೆಂಡತಿ ಇಬ್ಬರಿಗೂ ಆರೋಗ್ಯ ಇಲಾಖೆಯ ದೊಡ್ಡ ಸಭೆಯಿಂದ ಕರೆ ಬಂತು. ಅವಳು ಚುಟುಕಾಗಿ ಮುಗಿಸಿದಳು. ಹತ್ತೇ ನಿಮಿಷ ಕೊಟ್ಟಿದ್ದರೂ ನೀರುಗಂಟಿ ಒಂದೊಂದೇ ವಾಲ್ವಿನ ಚರಿತ್ರೆ ಹಿಡಿದು ಮುಕ್ಕಾಲು ಗಂಟೆ ಮಾತಾಡಿದ. ಮುಂದಿನ ಸಾಲಿನಿಂದ ಅವಳು ಸಾಕು ಮಾಡಿ ಎಂದು ಕಣ್ಸನ್ನೆ ಮಾಡಿದ್ದೇ ಮಾಡಿದ್ದು; ಅವನು ಇತ್ತ ನೋಡಿದರೆ ತಾನೆ!