ಅಪ್ಪನ ಒತ್ತು

ಪುಸ್ತಕ ಕಟ್ಟುವ ಬೈಂಡರನ ಮಗಳು ಸತ್ತು ನಾಲ್ಕು ತಿಂಗಳಾಗಿತ್ತು. ಅವನನ್ನು ಕಂಡಾಗ ದನಿ ತಗ್ಗಿಸುವುದನ್ನು ಜನ ಆಗಲೇ ನಿಲ್ಲಿಸಿದ್ದರು. ಬಂದದ್ದು ಬರೀ ಜ್ವರ, ಮೂರು ದಿನದ್ದು. ನಾಲ್ಕನೆಯ ದಿನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಹದಿನೈದು ದಿನ ಕಳೆಯುವ ಹೊತ್ತಿಗೆ ಅವನು ಪ್ರೆಸ್ಸಿಗೆ ಹೋಗಿ ತನ್ನ ಮಣೆಯ ಮೇಲೆ ಕೂತಿದ್ದ. ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ. ಗಟ್ಟಿ ಗುಂಡಿಗೆ ಅಂದರು ಕೆಲವರು, ಕಲ್ಲು ಅಂದರು ಇನ್ನು ಕೆಲವರು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು! ಅವನು ಎರಡೂ ಆಗಿರಲಿಲ್ಲ. ಇಂಜೆಕ್ಷನ್ ಕೊಟ್ಟು ಹಲ್ಲು ಕಿತ್ತ ಮೇಲೆ ತುಟಿ ಇರುತ್ತದಲ್ಲ, ಹಾಗಿದ್ದ ಅಷ್ಟೇ.

ಮಗಳಿಗೆ ಐದೂವರೆ ವರ್ಷ. ಶಾಲೆಯ ಪುಸ್ತಕದಲ್ಲಿ ಬೇರೆ ಹೆಸರಿದ್ದರೂ ಮನೆಯಲ್ಲಿ ಎಲ್ಲರಿಗೂ ಅವಳು ಬಟಾಣಿ. ಪ್ರೆಸ್ಸಿನಲ್ಲಿ ಒಂದೇ ಮಗ್ಗುಲು ಅಚ್ಚಾಗಿ ಹಾಳಾದ ಹಾಳೆಗಳನ್ನು ಅಪ್ಪ ತಂದುಕೊಡುತ್ತಿದ್ದ. ಒಂದು ಅರ್ಧ ಬೆರಳು ಉದ್ದ, ಒಂದು ಅರ್ಧ ಬೆರಳು ಗಿಡ್ಡ, ಅಳತೆ ಒಂದೇ ಸಮ ಇರುತ್ತಿರಲಿಲ್ಲ. ಖಾಲಿ ಮಗ್ಗುಲಿನ ತುಂಬ ಅವಳು ಬಣ್ಣದ ಕಡ್ಡಿಯಿಂದ ಚಿತ್ರ ಬರೆದು, ಅದು ಏನೆಂದು ನೋಡುವವರಿಗೆ ತಿಳಿಯದೆ ಹೋದೀತು ಎಂದು ಕೆಳಗೆ ಹೆಸರು ಬರೆಯುತ್ತಿದ್ದಳು. ಬೆಕು. ಹಕಿ. ಅಮ. ಅಪ. ಒತ್ತಕ್ಷರಕ್ಕೂ ಅವಳಿಗೂ ಎಣ್ಣೆ ಸೀಗೇಕಾಯಿ.

"ಒತ್ತೆಲ್ಲೇ ಬಟಾಣಿ?" ಎಂದು ಅಪ್ಪ ಕೇಳುವನು.

"ಕೆಳಗಡೆ ಮಲಗಿದೆ. ಕಾಣಲ್ಲ."

"ನಾನು ಅಪ ಅಲ್ಲ ಕಣೇ, ಅಪ್ಪ. ಒತ್ತಿಲ್ದೆ ಕರೆದ್ರೆ ನಾನು ಬರಲ್ಲ ನೋಡು."

"ಬರ್ಬೇಡ, ಹೋಗು!"

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ತಾಯಿ ಈ ಹಾಳೆಗಳಲ್ಲಿ ಒಂದನ್ನೂ ಎಸೆದವಳಲ್ಲ. ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಇಡುತ್ತಿದ್ದಳು. ಪೆಟ್ಟಿಗೆಯ ಮೇಲೆ 'ಮಕ್ಕಳ ಕೈಗೆ ಸಿಗದಂತೆ ಇಡಿ' ಎಂದು ಅಚ್ಚಾಗಿತ್ತು. ಅಷ್ಟುದ್ದದ್ದನ್ನು ಓದಲು ಬಟಾಣಿಗೆ ಬರುತ್ತಿರಲಿಲ್ಲವಾದ್ದರಿಂದ ದಿನಕ್ಕೆ ಹತ್ತು ಸಲ ಅದಕ್ಕೆ ಕೈ ಹಾಕುತ್ತಿದ್ದಳು.

ಜ್ವರಕ್ಕೆ ಎರಡು ವಾರ ಮುಂಚೆ, ಒಂದು ರಾತ್ರಿ ಊಟದ ಹೊತ್ತಿನಲ್ಲಿ, ಹೆಂಡತಿ ಒಂದು ಹಾಳೆ ಹಿಡಿದು ಬಂದಿದ್ದಳು. "ನೋಡ್ರೀ, ಇವತ್ತು ಒತ್ತು ಹಾಕಿದಾಳೆ ನಿಮ್ಮ ಮಗಳು. ಅಪ್ಪ ಅಂತ!" ಆಗ ಪಠ್ಯಪುಸ್ತಕಗಳ ಕಾಲ, ಪ್ರೆಸ್ಸಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಅವನು ತಟ್ಟೆಯಿಂದ ತಲೆಯೆತ್ತದೆ, "ಭಾನುವಾರ ನೋಡ್ತೀನಿ" ಅಂದ. ಭಾನುವಾರ ಬಂತು. ಅವನು ಸಂಜೆಯವರೆಗೆ ನಿದ್ದೆ ಮಾಡಿದ. ಹಾಳೆ ಪೆಟ್ಟಿಗೆ ಸೇರಿತು, ಅದರ ಹಿಂದೆ ಇನ್ನಷ್ಟು ಸೇರಿದವು. ಅವನಿಗೆ ಬಿಡುವಾದಾಗ ನೋಡಿ ಹೊಗಳಲು ಮಗಳು ಇರಲಿಲ್ಲ.

ಈಗ, ನಾಲ್ಕು ತಿಂಗಳ ಮೇಲೆ, ಹೆಂಡತಿ ಪೆಟ್ಟಿಗೆಯನ್ನು ಅವನ ಮುಂದಿಟ್ಟಳು. "ಎಲ್ಲಾ ಮುದುರಿ ಹೋಗ್ತಿವೆ. ಒಂದು ಪುಸ್ತಕ ಮಾಡಿಕೊಡ್ತೀರಾ?" ಎಂದಳು. ಇಷ್ಟು ದಿನದಲ್ಲಿ ಅವಳು ಅವನಲ್ಲಿ ಬೇಡಿದ್ದು ಇದೊಂದೇ. ಅವನು ಆಗಲಿ ಎಂದ.

ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಅವನು ಕತ್ತರಿಸಿದ ಅಂಚನ್ನು ಮುಟ್ಟಿದರೆ ಬೆರಳು ಜಾರಬೇಕು. ಶುಕ್ರವಾರ, ಹೆಂಡತಿ ತಲೆಗೆ ತಲೆ ಸೇರಿಸಿ ಇಟ್ಟಿದ್ದ ಹಾಳೆಗಳನ್ನು ಒಂದೊಂದಾಗಿ ಎತ್ತಿಟ್ಟ, ಅಚ್ಚಾದ ಮಗ್ಗುಲು ಮೇಲೆ, ಚಿತ್ರದ ಮಗ್ಗುಲು ಕೆಳಗೆ. ಚಿತ್ರ ನೋಡಬಾರದೆಂದು ಅವನೇನೂ ಶಪಥ ಮಾಡಿರಲಿಲ್ಲ. ಕೈ ಹಾಗೆ ಇಟ್ಟಿತು, ಕಣ್ಣು ಸುಮ್ಮನಿತ್ತು. ಯಾವುದೋ ಶಾಲೆಯ ಲೆಕ್ಕದ ಪುಸ್ತಕ, ಯಾರದೋ ಮದುವೆಯ ಕರೆಯೋಲೆ, ನೀರಿನ ಪಂಪಿನ ಜಾಹೀರಾತು, ಎಲ್ಲವನ್ನೂ ಓದಿದ. ಹಾಳೆಗಳ ಮೇಲಂಚನ್ನು, ಅಂದರೆ ತಲೆಯನ್ನು, ತಟ್ಟಿ ಸಮ ಮಾಡಿ ಹೊಲಿದ, ಅಂಟು ಬಳಿದು ಭಾರ ಹೇರಿದ. ತಲೆ ಸಮವಾದರೆ ಅಳತೆಯ ಅಂಕುಡೊಂಕೆಲ್ಲ ಬುಡಕ್ಕೆ ಇಳಿಯುತ್ತದೆ. ಶನಿವಾರ ಬೆಳಿಗ್ಗೆ ಯಂತ್ರಕ್ಕೆ ಕೊಟ್ಟು ಮೂರು ಕಡೆಯೂ ಕತ್ತರಿಸಿದ. ಮೂರು ಕಡೆ ಕತ್ತರಿಸದೆ ಯಾವ ಪುಸ್ತಕವನ್ನೂ ಅವನು ಬದುಕಿನಲ್ಲಿ ಕೈಯಿಂದ ಬಿಟ್ಟವನಲ್ಲ. ಬುಡದ ಕಡೆ ಅರ್ಧ ಬೆರಳಿನಗಲ ಹೋಯಿತು. ನೀಲಿ ಬಟ್ಟೆಯ ರಟ್ಟು ಹಾಕಿ, ಮಧ್ಯಾಹ್ನದ ಊಟಕ್ಕೆ ಮನೆಗೆ ತಂದ.

ಹೆಂಡತಿ ಕೈ ತೊಳೆದು, ಒರೆಸಿಕೊಂಡು, ಪುಸ್ತಕ ತೆರೆದಳು. ನಿಧಾನವಾಗಿ ತಿರುವಿದಳು. ಬೆಕು, ಹಕಿ, ಅಮ. ಕೊನೆಯ ಹನ್ನೊಂದು ಪುಟ ಬಂದಾಗ ಅವಳ ಕೈ ನಿಂತಿತು. ಆ ಚಿತ್ರಗಳು ಹಾಳೆ ತುಂಬಿದ್ದವು, ಹೆಸರಿಗೆಂದು ಉಳಿದದ್ದು ತೀರಾ ಬುಡದ ಜಾಗ ಮಾತ್ರ.

"ಇಲ್ಲಿ ಒತ್ತಿತ್ತು" ಅಂದಳು.

"ಎಲ್ಲಿ?"

"ಇಲ್ಲಿ."

ಅವಳ ಬೆರಳು ಹಾಳೆಯ ಮೇಲಿರಲಿಲ್ಲ. ಹಾಳೆ ಮುಗಿದು ಮೇಜಿನ ಮರ ಶುರುವಾಗುವಲ್ಲಿತ್ತು. ಹಾಳೆಯ ಮೇಲಿದ್ದದ್ದು 'ಅಪ'. ಮುಂದಿನ ಪುಟದಲ್ಲೂ 'ಅಪ'. ಹನ್ನೊಂದರಲ್ಲೂ, ಅವನು ಹೆಸರುವಾಸಿಯಾದ ಆ ನುಣುಪು ಅಂಚಿನಲ್ಲಿ, ಮಗಳು ಕಲಿತದ್ದೆಲ್ಲ ಮಾಯವಾಗಿತ್ತು. ಹೆಂಡತಿ ಪುಸ್ತಕ ಮುಚ್ಚಿಟ್ಟಳು. ಅವನು ಬಡಿಸಿಟ್ಟ ತಟ್ಟೆಯನ್ನು ಹಾಗೇ ಬಿಟ್ಟು ಎದ್ದ.

ಪ್ರೆಸ್ಸಿನಲ್ಲಿ ಹಾಳೆ ಮಡಿಸುವ ಅಕ್ಕ ಒಬ್ಬಳೇ ಇದ್ದಳು. ಯಂತ್ರದ ಕೆಳಗಿನ ಚೀಲ ಖಾಲಿ.

"ಅಕ್ಕ, ಚೂರುಗಳು?"

"ಊಟದ ಹೊತ್ತಿಗೇ ರದ್ದಿ ಗಾಡಿ ಹೋಯ್ತಲ್ಲೋ ತಮ್ಮ. ಶನಿವಾರ ಅಲ್ವಾ. ಯಾಕೆ, ಏನಾದ್ರೂ ಬಿದ್ದುಹೋಗಿತ್ತಾ?"

"ಹೂಂ. ಒಂದು ಒತ್ತು."

ಅಕ್ಕನಿಗೆ ತಿಳಿಯಲಿಲ್ಲ. ಆದರೂ, "ಹೋಗು, ಓಡು, ಗೋದಾಮು ಇನ್ನೂ ತೆಗೆದಿರತ್ತೆ" ಅಂದಳು.

ಅವನು ಓಡಲಿಲ್ಲ, ನಡೆದ. ಕಾಲಿಗೂ ಇಂಜೆಕ್ಷನ್ ಕೊಟ್ಟಂತಿತ್ತು. ರದ್ದಿ ಗೋದಾಮಿನಲ್ಲಿ ಆ ದಿನದ ಚೂರುಗಳನ್ನೆಲ್ಲ ಆಗಲೇ ಯಂತ್ರದಲ್ಲಿ ಒತ್ತಿ, ತಂತಿ ಬಿಗಿದು, ಆಳೆತ್ತರದ ಮೂಟೆಗಳನ್ನಾಗಿ ಮಾಡಿ ಲಾರಿಗೆ ಏರಿಸಿದ್ದರು. ಊರಿನ ಎಲ್ಲ ಪ್ರೆಸ್ಸುಗಳ ಅಂಚುಗಳೂ ಅದರಲ್ಲಿದ್ದವು. ಅವನು ಲಾರಿಯನ್ನೊಮ್ಮೆ ಸುತ್ತಿ ನೋಡಿದ. ಮೂಟೆಗಳ ಮೂಲೆ ಚೆನ್ನಾಗಿ ಕೂತಿದೆ, ತಂತಿ ಸಮನಾಗಿ ಬಿಗಿದಿದ್ದಾರೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ನಾಲ್ಕು ತಿಂಗಳಲ್ಲಿ ಅವನಿಗೆ ಆದದ್ದು ಅಂತ ಏನಾದರೂ ಇದ್ದರೆ ಅದೊಂದೇ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹೆಂಡತಿ ಅಂಗಡಿಗೆ ಹೋಗಿರಲಿಲ್ಲ.

"ಸಿಗಲಿಲ್ಲ" ಅಂದ. ಮೇಜಿನ ಮುಂದೆ ಕೂತು, "ನಾನು ಅದನ್ನ ನೋಡೇ ಇಲ್ಲ. ಒಂದ್ಸಲಾನೂ ನೋಡಿಲ್ಲ. ಹೇಗೆ ಬರೆದಿದ್ಲು? ಬರೆದು ತೋರ್ಸು."

ಅವಳು ಮಾತ್ರೆ ಹಾಕುವ ಕಾಗದದ ಕವರುಗಳ ಕಟ್ಟು ತಂದಳು. ಪೆನ್ಸಿಲ್ ಹಿಡಿದು 'ಅಪ್ಪ' ಎಂದು ಬರೆದಳು. "ಹೀಗಲ್ಲ. ಅವಳ ಒತ್ತು ಉಲ್ಟಾ ಇತ್ತು." ಇನ್ನೊಂದು ಕವರು ತೆಗೆದುಕೊಂಡು ಒತ್ತನ್ನು ಉಲ್ಟಾ ಬರೆದಳು. ಉಲ್ಟಾ ಇದ್ದರೂ ಅದು ಲಕ್ಷಣವಾಗಿ, ಅಳತೆಗೆ ಸರಿಯಾಗಿ ಬಂತು. "ಅಲ್ಲ, ಇಷ್ಟು ಚೆನ್ನಾಗಿರಲಿಲ್ಲ." ಮುಷ್ಟಿಯಲ್ಲಿ ಪೆನ್ಸಿಲ್ ಹಿಡಿದು ಬರೆದಳು. ಎಡಗೈಯಲ್ಲಿ ಬರೆದಳು. "ಇದು ಮುದುಕಿ ಬರೆದ ಹಾಗಿದೆ." ಎಂಟು ಕವರಾದವು, ಒಂಬತ್ತಾದವು. ಮೇಜಿನ ತುಂಬ ಅಪ್ಪ, ಅಪ್ಪ, ಅಪ್ಪ. ಪ್ರತಿ ಸಲ ಬರೆದು ಮುಗಿಸಿದಾಗಲೂ ಅವನು ಅವಳ ಮುಖ ನೋಡುವನು, ಅವಳು ಅಲ್ಲವೆಂದು ತಲೆಯಾಡಿಸುವಳು.

"ಬರ್ತಿಲ್ಲ ಕಣ್ರೀ" ಅಂದಳು ಕೊನೆಗೆ. "ಕಣ್ಣಿಗೆ ಕಾಣಿಸ್ತಿದೆ. ಕೈಗೆ ಬರ್ತಿಲ್ಲ. ಕೈ ಸರಿಯಾಗೇ ಬರೀತದೆ."

"ಎಷ್ಟು ದೊಡ್ಡದಿತ್ತು? ಅದಾದ್ರೂ ಹೇಳು."

ಅವಳು ಕಿರುಬೆರಳು ಚಾಚಿ, ಹೆಬ್ಬೆರಳಿನಿಂದ ಅದರ ಉಗುರಿನ ಅರ್ಧ ಮುಚ್ಚಿ, ಉಳಿದರ್ಧ ತೋರಿಸಿದಳು. "ಇಷ್ಟು."

ಅವನು ಬಗ್ಗಿ ನೋಡಿದ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋದಾಗ ಎರಡೂ ಕೈಯಿಂದ ಅವಳ ಬೆರಳನ್ನು ಹಿಡಿದುಕೊಂಡ.

"ತೆಗೀಬೇಡ" ಎಂದ.