ಎರಡನೆಯ ಮಹಡಿ ಹತ್ತಿದ ತಕ್ಕಡಿ

ನಾನೊಂದು ತಕ್ಕಡಿ. ಕಮ್ಮಾರ ಮೋನಪ್ಪ ಕುಲುಮೆಯಲ್ಲಿ ಕಬ್ಬಿಣ ಕಾಸಿ, ಬಡಿದು, ನನ್ನ ಬೆನ್ನು ನೆಟ್ಟಗೆ ಮಾಡಿದ. ತಟ್ಟೆಗಳನ್ನು ಸರಪಳಿಯಿಂದ ತೂಗುಹಾಕಿ ಎತ್ತಿ ಹಿಡಿದಾಗ ಮುಳ್ಳು ನಡುವೆ ನಿಂತಿತು. ಅವನು ಮೀಸೆಯಡಿ ನಕ್ಕ. ಅವನಿಂದ ನನ್ನನ್ನು ಕೊಂಡವನು ಕಾಯಿಪಲ್ಲೆ ಮಾರುವ ಇಮಾಮಸಾಬ. ಅವನು ತೀರಿಕೊಂಡ ಮೇಲೆ ಅವನ ಹೆಂಡತಿ ಮಾಲನಬಿಯ ಕೈಗೆ ಬಂದೆ.

ಹಳೆಯ ಮಾರುಕಟ್ಟೆಯ ಹಂಚಿನ ಸೂರಿನಡಿ ಮಾಲನಬಿ ಕೂರುತ್ತಿದ್ದಳು. ಪಕ್ಕದಲ್ಲಿ ಸೊಪ್ಪು ಮಾರುವ ನಿಂಬೆವ್ವ. ಒಬ್ಬಳು ಉಣ್ಣಲು ಹೋದರೆ ಇನ್ನೊಬ್ಬಳು ಎರಡೂ ಅಂಗಡಿ ನೋಡುತ್ತಿದ್ದಳು. ಮಾಲನಬಿ ತೂಗಿದ ಮೇಲೂ ಒಂದು ಬದನೆಕಾಯಿ ಹೆಚ್ಚಿಗೆ ಹಾಕುವವಳು.

ಆಮೇಲೆ ಊರು ಬೆಳೆಸಲೆಂದು ಸರ್ಕಾರದ ಅನುದಾನ ಬಂತು. ಸೂರು ಕೆಡವಿ ಗಾಜಿನ ಮುಖದ ಕಟ್ಟಡ ಎಬ್ಬಿಸಿದರು. ಕಾಯಿಪಲ್ಲೆಯವರಿಗೆ ಸಿಕ್ಕಿದ್ದು ಎರಡನೆಯ ಮಹಡಿ. ನೆಲಮಟ್ಟದಲ್ಲಿ ಬರೀ ಕಂಬಗಳು. ಅಲ್ಲಿಯ ಮಳಿಗೆಗಳನ್ನು ಅನುದಾನದ ಎರಡನೆಯ ಕಂತು ಬಂದಾಗ ಕಟ್ಟುತ್ತೇವೆಂದರು. ಚೀಲ ಹಿಡಿದು ಬಂದ ಗಿರಾಕಿಗಳು ಮೆಟ್ಟಿಲು ನೋಡಿಯೇ ಹಿಂದಿರುಗಿದರು. ಹೆಂಗಸರು ಒಬ್ಬೊಬ್ಬರಾಗಿ ಕೆಳಗಿಳಿದು, ರಸ್ತೆ ಬದಿಯಲ್ಲಿ ಗೋಣಿಚೀಲ ಹಾಸಿ ಕೂತರು.

ಮುಂದಿನ ಕಂತು ಕೊಡಬೇಕೋ ಬೇಡವೋ ಎಂದು ಪರಿಶೀಲಿಸಲು ಪ್ರಮೀಳಾ ಎಂಬ ಅಧಿಕಾರಿ ಬೆಂಗಳೂರಿನಿಂದ ಬಂದರು. ಅಂದು ಎಲ್ಲರನ್ನೂ ಮತ್ತೆ ಮೇಲೆ ಹತ್ತಿಸಿ ಕೂರಿಸಲಾಯಿತು. "ವ್ಯಾಪಾರ ಚಲೋ ಐತಿ ಅನ್ರಿ, ಅಷ್ಟ ಸಾಕು," ಎಂದು ಕಟ್ಟಡದ ಇಂಜಿನಿಯರ್ ಹೇಳಿ ಹೋದ.

ಪ್ರಮೀಳಾ ಬದನೆಕಾಯಿ ಕೇಳಿದರು. ಮಾಲನಬಿ ನನ್ನನ್ನು ಎತ್ತಿದಳು.

"ದಿನಾ ಇಲ್ಲೇ ಕೂರ್ತೀರಾ ಅಮ್ಮ? ನಿಜ ಹೇಳಿ."

ಅವಳು ನನ್ನನ್ನು ಕೆಳಗಿಟ್ಟಳು. "ಇಲ್ರೀ ಬಾಯಾರ. ಇವತ್ತಷ್ಟ ಕುಂದರ್ಸ್ಯಾರ್ರಿ. ಮ್ಯಾಲ ಯಾರೂ ಹತ್ತಂಗಿಲ್ಲ. ನಮಗ ಕೆಳಗ ಜಾಗಾ ಕೊಡಸ್ರಿ."

"ಬರೀತೀನಮ್ಮ," ಎಂದರು ಪ್ರಮೀಳಾ. ಬರೆದರು ಕೂಡ: ಯೋಜನೆಯಿಂದ ಜನರಿಗೆ ಉಪಯೋಗವಾಗಿಲ್ಲ. ಅದು ನಿಜವೇ. ಆದರೆ ಕಂತು ನಿಂತಿತು. ಕೆಳಗಿನ ಮಳಿಗೆಗಳ ಕೆಲಸವೂ ನಿಂತಿತು. ಕಂಬಗಳ ನಡುವೆ ಮೋಟಾರ್ ಸೈಕಲ್‌ಗಳು ನಿಲ್ಲತೊಡಗಿದವು.

"ನಿನ್ನ ಬಾಯಿ ಸುಡ್ಲಿ, ನಮ್ಮೆಲ್ಲಾರ ಅನ್ನಕ್ಕ ಮಣ್ಣ ಹಾಕಿದಿ!" ಎಂದಳು ನಿಂಬೆವ್ವ. ಅಂದಿನಿಂದ ಗೋಣಿಚೀಲವನ್ನು ದೂರ ಹಾಸಿದಳು. ಮಾಲನಬಿಯ ಅಂಗಡಿ ನೋಡುವವರು ಯಾರೂ ಇರಲಿಲ್ಲ. ಎಷ್ಟೋ ಮಧ್ಯಾಹ್ನ ಉಣ್ಣದೆಯೇ ಕೂತಳು. ಸೊಂಟ ಸೋತ ಮೇಲೆ ವ್ಯಾಪಾರ ಬಿಟ್ಟು, ನನ್ನನ್ನು ಗುಜರಿ ಅಂಗಡಿಗೆ ತಂದಳು.

"ಅವತ್ತ ಸುಮ್ನ ಹೂಂ ಅಂದಿದ್ರ ಆಗ್ತಿತ್ತಲ್ಲ ಚಾಚಿ?" ಎಂದ ಗುಜರಿಯ ಬಸಣ್ಣ.

ಅವಳು ಸೆರಗಿನಿಂದ ನನ್ನ ತಟ್ಟೆ ಒರೆಸಿದಳು. "ಸೂರು ಕೆಡವೂವಾಗ ನಮ್ಮನ್ನ ಯಾರೂ ಕೇಳಲಿಲ್ಲ. ಮ್ಯಾಲ ಹತ್ತಸೂವಾಗೂ ಕೇಳಲಿಲ್ಲ. ಆ ಬೆಂಗಳೂರಾಕಿ ಒಬ್ಬಾಕಿನ ಕೇಳಿದ್ಲಪಾ. ಕೇಳಿದಾಕಿಗೆ ಹ್ಯಾಂಗ ಸುಳ್ಳ ಹೇಳ್ಲಿ?"

ಈಗ ಮುರಿದ ಬಕೆಟ್ಟುಗಳ ನಡುವೆ ಬಿದ್ದಿದ್ದೇನೆ. ಅವಳು ಮಾಡಿದ್ದು ಸರಿಯೋ ತಪ್ಪೋ, ತೂಗುವುದು ನನ್ನಿಂದಾಗದು. ಅಂದು ಹಿಂದಿರುಗುವಾಗ ಅವಳು ನಿಂಬೆವ್ವ ಕೂರುವ ಬೀದಿಯನ್ನು ಬಿಟ್ಟು, ಸೊಂಟ ಹಿಡಿದುಕೊಂಡು ಸುತ್ತು ಹಾದಿಯಲ್ಲಿ ನಡೆದಳು. ಅದಷ್ಟನ್ನು ಇಲ್ಲಿಂದ ನೋಡಿದೆ.