ನಾಲ್ಕು ಬಾಗಿಲಿನ ಕಾವಲು

ಬಕ್ರೀದಿನ ಮಧ್ಯಾಹ್ನ ಕೈರೋದಾಚೆಯ ಸಫಾರಿಯಲ್ಲಿ ಸಿಂಹವೊಂದು ತಮ್ಮ ಕಾರಿನತ್ತಲೇ ಬಂದಾಗ ನಜ್ಲಾಳ ಜೀವ ಬಾಯಿಗೆ ಬಂತು. ಮುಂದೆ, ಹಿಂದೆ ಕಾರುಗಳ ಸಾಲು. ಮಗಳನ್ನು ಎದೆಗವಚಿಕೊಂಡಳು.

"ನನ್ನ ಕಡೆ ಗಾಜು ಪೂರ್ತಿ ಏರಲ್ಲ ಅಂತ ಬಡ್ಕೊಂಡೆನಲ್ರೀ! ಹಳೇ ಕಾರು ತಂದ್ರಿ!"

"ಸಿಂಹ ಇರೋದು ನನ್ನ ಕಡೆ, ಸುಮ್ನಿರೇ," ಎಂದ ಗಂಡ ಶುಕ್ರಿ.

ಸಿಂಹ ಅವನ ಬಾಗಿಲನ್ನು ನೆಕ್ಕತೊಡಗಿತು. ಆಗ ನಜ್ಲಾಳಿಗೆ ಹೊಳೆಯಿತು: ಬೆಳಿಗ್ಗೆ ಕುರಿ ಕೊಯ್ದಾಗ, ಕಾರಿಗೆ ಯಾರ ಕಣ್ಣೂ ತಾಗದಿರಲೆಂದು ಅತ್ತೆ ರಕ್ತದಲ್ಲದ್ದಿದ ಅಂಗೈಯನ್ನು ಅಲ್ಲೇ ಒತ್ತಿದ್ದರು.

ಗುರುತನ್ನೆಲ್ಲ ನೆಕ್ಕಿ ಮುಗಿಸಿ ಸಿಂಹ ತಲೆಯೆತ್ತಿತು.

"ಸದ್ಯ, ಮುಗೀತು," ಎಂದಳು ನಜ್ಲಾ.

ಹಿಂದಿನ ಸೀಟಿನಲ್ಲಿ ಅತ್ತೆಯ ಜಪಮಾಲೆ ನಿಂತುಹೋಯಿತು.

"ನಾಲ್ಕೂ ಬಾಗಿಲಿಗೆ ಒತ್ತಿದೀನಿ ಕಣಮ್ಮಾ."